ಮೈಗಳ್ಳ: ಒಂದು ಪದದ ಅರ್ಥವಿಚಾರ

ಶಾಲೆಯೆಂಬುದು ಮಾತಿನ ಕಮ್ಮಟ. ಅಲ್ಲಿ ಅಚ್ಚಾಗಿ ಹೊರಬೀಳುವ ಮಾತುಗಳಲ್ಲಿ ಬಹುಪಾಲು ಆ ದಿನವೇ ಸವೆದುಹೋಗುತ್ತವೆ. ಕೆಲವು ಮಾತ್ರ ಆಯುಷ್ಯದುದ್ದಕ್ಕೂ ಚಲಾವಣೆಯಲ್ಲಿ ಉಳಿಯುತ್ತವೆ. ಗುರುವಾದವನು ಶಿಷ್ಯನನ್ನು ಕುರಿತು ಆಡಿದ ವಿಶೇಷಣ ಅಂಥದು. ಅರವತ್ತು ದಾಟಿದ ಹಳೆಯ ವಿದ್ಯಾರ್ಥಿಯೂ ತನಗೆ ಬಂದ ಅಂಕಗಳನ್ನು ಮರೆತಿರುತ್ತಾನೆ, ಗುರುಗಳು ಕರೆದ ಹೆಸರನ್ನು ಮರೆತಿರುವುದಿಲ್ಲ. ಆದುದರಿಂದ ಶಾಲೆಯ ಸ್ಮರಣೆಗೆ ಮೀಸಲಾದ ಸಂಪುಟದಲ್ಲಿ ಅಂಥ ಕೆಲವು ಹೆಸರುಗಳ ವಿಚಾರವನ್ನು ಮಾಡುವುದು ಅಪ್ರಸ್ತುತವಾಗಲಾರದು.

'ದಡ್ಡ', 'ಮಂದ', 'ಹಿಂದುಳಿದವನು', 'ಮೈಗಳ್ಳ' ಎಂಬ ನಾಲ್ಕು ಪದಗಳು ಶಾಲೆಗಳಲ್ಲಿ ಒಂದೇ ಅರ್ಥದವೆಂಬಂತೆ ಬಳಕೆಯಾಗುತ್ತಿವೆ. ಕಡಿಮೆ ಅಂಕ ಪಡೆದ ಹುಡುಗನಿಗೆ ಈ ನಾಲ್ಕರಲ್ಲಿ ಯಾವುದು ನಾಲಿಗೆಯ ತುದಿಗೆ ಬಂದರೆ ಅದೇ ಪ್ರಾಪ್ತಿ. ಆದರೆ ನಿಘಂಟುಗಳೊಡನೆ ಪರಿಚಯವುಳ್ಳವರಿಗೆ ಪರ್ಯಾಯ ಪದಗಳೆಂಬುವು ಹೆಸರಿಗೆ ಮಾತ್ರ ಪರ್ಯಾಯಗಳೆಂಬುದು ವಿದಿತ. ಒಂದೊಂದರ ಬೆನ್ನಿಗೂ ಒಂದೊಂದು ತೀರ್ಪು ಇದೆ. ಈ ನಾಲ್ಕರಲ್ಲಿ ಮೂರು ಪದಗಳು ಹುಡುಗನಲ್ಲಿ ಏನಿಲ್ಲವೆಂಬುದನ್ನೋ, ಅವನು ಎಲ್ಲಿ ನಿಂತಿದ್ದಾನೆಂಬುದನ್ನೋ ಹೇಳುತ್ತವೆ. ಅವನಲ್ಲಿ ಏನೋ ಉಂಟು, ಅದು ಹೊರಗೆ ಬಂದಿಲ್ಲ ಎಂದು ಹೇಳುವ ಪದ ಒಂದೇ ಒಂದು. ಅದು 'ಮೈಗಳ್ಳ'.

ಶಿಕ್ಷಣಶಾಸ್ತ್ರದ ಇಂಗ್ಲಿಷ್ ಗ್ರಂಥಗಳಲ್ಲಿ 'ಅಂಡರ್‌ಅಚೀವರ್' ಎಂಬ ಶಬ್ದವೊಂದುಂಟು. ಇದ್ದ ಸಾಮರ್ಥ್ಯಕ್ಕಿಂತ ಕಡಿಮೆ ಸಾಧಿಸುವವನು ಎಂದು ಅದರ ತಾತ್ಪರ್ಯ. ಕನ್ನಡದಲ್ಲಿ ಇದಕ್ಕೆ ತಕ್ಕ ಪದವಿಲ್ಲವೆಂದು ಹೇಳುವವರಿದ್ದಾರೆ. ಹಾಗೆ ಹೇಳುವುದು ಮನೆಯ ಕಣಜವನ್ನು ನೋಡದೆ ಸಂತೆಗೆ ಹೊರಟಂತೆ. ಕನ್ನಡದ ಪದವಾದರೋ ಇಂಗ್ಲಿಷಿನದಕ್ಕಿಂತ ಹಳೆಯದು, ಅದಕ್ಕಿಂತ ಖಾರವಾದುದು. ಖಾರವಾದುದರಿಂದಲೇ ಅದನ್ನು ಬಳಸುವಾಗ ಎಚ್ಚರವೂ ಹೆಚ್ಚಿರಬೇಕು.

ಮೊದಲು ಪದದ ರಚನೆ. 'ಮೈ' ಎಂಬ ಪೂರ್ವಪದ, 'ಕಳ್ಳ' ಎಂಬ ಉತ್ತರಪದ, ಎರಡೂ ಅಚ್ಚಗನ್ನಡದವು. ಸಮಾಸದಲ್ಲಿ ಉತ್ತರಪದದ ಮೊದಲಿನ ಕಕಾರಕ್ಕೆ ಗಕಾರ ಆದೇಶವಾಗಿ ಬಂದಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕ, ತ, ಪಗಳಿಗೆ ಗ, ದ, ಬಗಳು ಹೀಗೆ ಆದೇಶವಾಗುವುದನ್ನು ವಿವರಿಸಿದ್ದಾನೆ. ಮಳೆಗಾಲ, ಬೆಟ್ಟದಾವರೆ, ಕಂಬನಿ ಎಂಬಲ್ಲಿ ಇರುವುದೂ ಇದೇ ಸಂಧಿ. 'ಕಳ್' ಎಂಬ ಧಾತುವಿನಿಂದ ಕಳ್ಳ, ಕಳವು ಎಂಬ ರೂಪಗಳು. ತಮಿಳು ಮಲಯಾಳಗಳ 'ಕಳ್ಳನ್', 'ಕಳವು' ಇವಕ್ಕೆ ಒಡಹುಟ್ಟಿದವು. ಇಲ್ಲಿಯವರೆಗೆ ವ್ಯಾಕರಣ ಸುಲಭ. ಕಷ್ಟವಿರುವುದು ವಿಗ್ರಹವಾಕ್ಯದಲ್ಲಿ. ಮೈಯಿಂದ ಕದಿಯುವವನೇ? ಅಲ್ಲ. ಮೈಯನ್ನೇ ಕದಿಯುವವನು. ಯಾರ ಮೈಯನ್ನು? ತನ್ನದನ್ನೇ. ಲೋಕದ ಕಳವಿನಲ್ಲಿ ಕಳ್ಳ ಬೇರೆ, ಒಡೆಯ ಬೇರೆ, ಒಡವೆ ಬೇರೆ. ಈ ಕಳವಿನಲ್ಲಿ ಮೂವರೂ ಒಬ್ಬನೇ.

ನೆರೆಹೊರೆಯ ನುಡಿಗಳನ್ನು ಹೋಲಿಸಿ ನೋಡಿದರೆ ಈ ಅರ್ಥ ಇನ್ನೂ ನಿಚ್ಚಳವಾಗುತ್ತದೆ. ಹಿಂದಿಯವರು 'ಕಾಮ್‌ಚೋರ್' ಎನ್ನುತ್ತಾರೆ, ತೆಲುಗರು 'ಪನಿದೊಂಗ' ಎನ್ನುತ್ತಾರೆ. ಎರಡಕ್ಕೂ ಕೆಲಸವನ್ನು ಕದಿಯುವವನು ಎಂದೇ ಅರ್ಥ. ಕನ್ನಡದಲ್ಲಿಯೂ 'ಕೆಲಸಗಳ್ಳ' ಉಂಟು. ಕೆಲಸಗಳ್ಳನು ಕದಿಯುವುದು ಯಜಮಾನನಿಗೆ ಸಲ್ಲಬೇಕಾದುದನ್ನು. ಅವನು ಮಾಡಿದ ನಷ್ಟ ಇನ್ನೊಬ್ಬನದು. ಮೈಗಳ್ಳನು ಮಾಡುವ ನಷ್ಟ ಮೊದಲು ತನ್ನದು. ಮರಾಠಿಯ 'ಅಂಗಚೋರ' ಎಂಬ ಪದವು ಕನ್ನಡದ ಪದಕ್ಕೆ ಎರಕ ಹೊಯ್ದಂತೆ ಸಮನಾಗಿದೆ. ಕೈಕಾಲಿನಲ್ಲಿ ಬಲವಿದ್ದೂ ಅದನ್ನು ಪೂರ್ತಿ ಹಾಕದವನಿಗೆ ಆ ಹೆಸರು. ತೆಲುಗಿನಲ್ಲಿ ಮೈಯನ್ನು ಬಚ್ಚಿಟ್ಟುಕೊಳ್ಳುವುದು ಎಂಬ ನುಡಿಗಟ್ಟು ಇದೇ ಭಾವವನ್ನು ಹೇಳುತ್ತದೆ. ಒಕ್ಕಲುತನ ಮಾಡಿ ಬದುಕಿದ ಜನರ ನುಡಿಗಳಲ್ಲಿ ಈ ಪದ ಹುಟ್ಟಿರುವುದು ಸಹಜವೇ ಆಗಿದೆ. ನೊಗಕ್ಕೆ ಹೆಗಲು ತಾಗಿಸಿಕೊಂಡು ನಡೆಯುತ್ತ, ಭಾರವನ್ನು ಮಾತ್ರ ಜೊತೆಯ ಎತ್ತಿನ ಮೇಲೆ ಬಿಡುವ ಎತ್ತನ್ನು ರೈತನು ಮೈಗಳ್ಳ ಎತ್ತು ಎನ್ನುತ್ತಾನೆ. ಬಡಕಲು ಎತ್ತನ್ನು ಅವನು ಹಾಗೆನ್ನುವುದಿಲ್ಲ.

ಇಲ್ಲಿ ಈ ಪದದ ತಿರುಳಿದೆ. ಬರಿದಾದ ಮನೆಗೆ ಕಳ್ಳ ಹೊಗುವುದಿಲ್ಲ. ಕಳವಾಗಿದೆ ಎಂದರೆ ಕಳವಾಗುವಂಥದು ಇದ್ದಿತು ಎಂದಾಯಿತು. ಒಬ್ಬನನ್ನು ಮೈಗಳ್ಳನೆಂದು ಕರೆದ ಗುರು, ತಿಳಿದೋ ತಿಳಿಯದೆಯೋ, ಅವನಲ್ಲಿ ಶಕ್ತಿಯುಂಟೆಂದು ಒಪ್ಪಿಕೊಂಡಿದ್ದಾನೆ. 'ದಡ್ಡ' ಎಂಬ ಪದ ಬಾಗಿಲನ್ನು ಮುಚ್ಚುತ್ತದೆ. 'ಮೈಗಳ್ಳ' ಎಂಬುದು ಬಾಗಿಲನ್ನು ತಟ್ಟುತ್ತದೆ. ಬೆಳಿಗ್ಗೆ ದಡ್ಡನೆಂದೂ ಮಧ್ಯಾಹ್ನ ಮೈಗಳ್ಳನೆಂದೂ ಒಬ್ಬನನ್ನೇ ಕರೆಯುವುದು ತರ್ಕಕ್ಕೆ ವಿರುದ್ಧ. ಇಲ್ಲದ ಹಣವನ್ನು ಯಾರೂ ಬಚ್ಚಿಡಲಾರರು.

'ಕಾಯಕ' ಎಂಬ ಮಹಾಪದವೂ ಇದೇ ನೆಲೆಯಲ್ಲಿ ನಿಂತಿದೆ. ಕಾಯವೆಂದರೂ ಮೈಯೇ. ಮೈಯನ್ನು ಕೆಲಸಕ್ಕೆ ಒಪ್ಪಿಸಿದರೆ ಅದು ಕಾಯಕ. ಕೆಲಸದಿಂದ ಕದ್ದರೆ ಮೈಗಳ್ಳತನ. ಹನ್ನೆರಡನೆಯ ಶತಮಾನದ ಶರಣರು ಸಂಸ್ಕೃತದ ಕಾಯದಿಂದ ಪಡೆದ ಪದವೂ ಒಕ್ಕಲು ಮಕ್ಕಳು ಕನ್ನಡದ ಮೈಯಿಂದ ಪಡೆದ ಪದವೂ ಒಂದೇ ಅಳತೆಗೋಲಿನ ಎರಡು ತುದಿಗಳು. ಕುಷ್ಟಗಿಗೆ ನೆರೆಯದಾದ ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಪರಂಪರೆ ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಶರಣರ ಗೋಷ್ಠಿಯಲ್ಲಿ ಮೈಮರೆತು ಕಾಯಕ ನಿಂತಾಗ ಲಕ್ಕಮ್ಮ ಅವನನ್ನು ಎಚ್ಚರಿಸಿ ಕಳುಹಿಸಿದಳು. ಬೇರೊಮ್ಮೆ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ತಂದಲ್ಲಿಗೇ ಹಿಂದಿರುಗಿಸಿದಳು. ಕಾಯಕಕ್ಕೆ ಕೆಳಗೊಂದು ಗೆರೆಯಿದೆ, ಮೇಲೊಂದು ಗೆರೆಯಿದೆ ಎಂಬುದು ಆ ತಾಯಿಯ ಮತ.

ಈ ಎರಡು ಗೆರೆಗಳನ್ನು ಸಂಸ್ಕೃತ ವ್ಯಾಕರಣವೂ ಬಲ್ಲದು. 'ಯಥಾಶಕ್ತಿ' ಎಂಬುದು ಅವ್ಯಯೀಭಾವ ಸಮಾಸ. ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯಲ್ಲಿ ಶಕ್ತಿಯನ್ನು ಮೀರದಂತೆ ಎಂದು ಇದರ ವಿವರಣೆ. ಇದು ಮೇಲಿನ ಗೆರೆ. ವ್ರತ ದಾನಗಳನ್ನು ವಿಧಿಸುವ ಗ್ರಂಥಗಳು ಕೆಳಗಿನ ಗೆರೆಯನ್ನು 'ವಿತ್ತಶಾಠ್ಯ' ಎಂಬ ಪದದಿಂದ ಎಳೆದಿವೆ. ಕೊಡಲು ಬಲವಿದ್ದೂ ಇಲ್ಲವೆಂಬಂತೆ ಕಡಿಮೆ ಕೊಡುವುದೇ ವಿತ್ತಶಾಠ್ಯ, ಅದು ಕೂಡದು ಎಂದು ಅವುಗಳ ವಿಧಿ. ಮೈಗೆ ಮೈಗಳ್ಳತನ ಹೇಗೋ ಹಣಕ್ಕೆ ವಿತ್ತಶಾಠ್ಯ ಹಾಗೆ. ಇತ್ತೀಚೆಗೆ ಯಥಾಶಕ್ತಿಯೆಂದರೆ ಅಲ್ಪಸ್ವಲ್ಪ ಎಂಬ ಅರ್ಥ ರೂಢಿಗೆ ಬಂದಿದೆ. ಪದಕ್ಕೆ ಅಂಥ ಅರ್ಥವಿಲ್ಲ. ಬಡವನ ಒಂದು ಸೇರು ಜೋಳ ಯಥಾಶಕ್ತಿಯಾದೀತು. ಸಿರಿವಂತನದು ಒಂದು ಸೇರಾದರೆ ಅದು ಯಥಾಶಕ್ತಿಯಲ್ಲ. ವಿದ್ಯಾಸಂಸ್ಥೆಗಳಿಗೆ ಕೈನೀಡಿದ ದಾನಿಗಳು ಈ ಭೇದವನ್ನು ಪಂಡಿತರಿಗಿಂತ ಮೊದಲೇ ಬಲ್ಲವರು. ಆದುದರಿಂದ ಅದನ್ನು ಬೆಳೆಸಬೇಕಾಗಿಲ್ಲ.

ಇನ್ನು ಕೊಪ್ಪಳಕ್ಕೇ ಬರೋಣ. ಸಾಮರ್ಥ್ಯಕ್ಕಿಂತ ಕಡಿಮೆ ದುಡಿದುದನ್ನು ಕುರಿತ ಅತಿ ಪ್ರಾಚೀನ ಲಿಖಿತ ಮಾತುಗಳಲ್ಲಿ ಒಂದು ಈ ಊರಿನ ಬಂಡೆಯ ಮೇಲೆಯೇ ಇದೆ. ೧೯೩೧ರಲ್ಲಿ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರು ಬಂಡೆಶಾಸನಗಳು ಬೆಳಕಿಗೆ ಬಂದವು. ಮರುವರ್ಷ ಟರ್ನರ್ ಎಂಬ ವಿದ್ವಾಂಸರು ಅವನ್ನು ಪ್ರಕಟಿಸಿದರು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ. ಅದರಲ್ಲಿ ಚಕ್ರವರ್ತಿ ಹೇಳಿಕೊಂಡಿರುವುದರ ಸಾರಾಂಶ ಇಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತು, ಆದರೆ ತಾನು ಗಾಢವಾಗಿ ಪ್ರಯತ್ನಿಸಲಿಲ್ಲ, ಸಂಘವನ್ನು ಸೇರಿ ವರ್ಷಕ್ಕೆ ಮೇಲಾದ ಈ ಅವಧಿಯಲ್ಲಿ ಗಾಢವಾಗಿ ಪ್ರಯತ್ನಿಸಿದ್ದಾನೆ. ಇದರ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದಲ್ಲ, ಪ್ರಯತ್ನಿಸಿದರೆ ಸಣ್ಣವನೂ ಅದನ್ನು ಪಡೆಯಬಲ್ಲನು. ಶಾಸನದಲ್ಲಿ ಪ್ರಯತ್ನಕ್ಕೆ ಬಳಸಿರುವ ಪದ ಸಂಸ್ಕೃತದ ಪ್ರಕ್ರಮ, ಪರಾಕ್ರಮಗಳ ಬಳಗದ್ದು. ಆ ಬಳಗಕ್ಕೆಲ್ಲ 'ಕ್ರಮ್' ಧಾತು ಮೂಲ. ಹೆಜ್ಜೆಯಿಡುವುದು ಎಂದು ಅದರ ಅರ್ಥ.

ಈ ಶಾಸನದ ವ್ಯಾಕರಣವನ್ನು ಪ್ರತಿಯೊಬ್ಬ ಅಧ್ಯಾಪಕನೂ ಗಮನಿಸಬೇಕು. ಪ್ರಯತ್ನ ಸಾಲದಾಯಿತೆಂಬ ಮಾತು ಅಲ್ಲಿ ಉತ್ತಮ ಪುರುಷದಲ್ಲಿದೆ. ಪ್ರಯತ್ನಿಸಿದರೆ ಸಾಧಿಸಬಲ್ಲರೆಂಬ ಮಾತು ಪ್ರಥಮ ಪುರುಷದಲ್ಲಿದೆ. ಚಕ್ರವರ್ತಿಯಾದವನು ತನ್ನ ಪ್ರಜೆಗಳನ್ನು ಮೈಗಳ್ಳರೆಂದು ಹಳಿಯಬಹುದಾಗಿತ್ತು, ತಡೆಯುವವರಾರು? ಅವನು ಹಾಗೆ ಮಾಡಲಿಲ್ಲ. ಕೊರತೆಯನ್ನು ತನ್ನ ಮೇಲೆ ಹೇಳಿಕೊಂಡನು, ಭರವಸೆಯನ್ನು ಸಣ್ಣವರಿಗೆ ಕೊಟ್ಟನು. ಮೈಗಳವು ಎಂಬುದು ಒಳಗಿನ ಕಳವು. ಅದರ ಸಾಕ್ಷಿ ಕದ್ದವನೊಬ್ಬನೇ. ಆದುದರಿಂದ ಈ ಪದವನ್ನು ನಿಸ್ಸಂಶಯವಾಗಿ ಬಳಸುವ ಅಧಿಕಾರ ಇರುವುದು ತನ್ನನ್ನು ಕುರಿತು ಮಾತ್ರ. ಇತರರ ವಿಷಯದಲ್ಲಿ ಅದು ಊಹೆ.

ಆ ಊಹೆಗೆ ಅಳತೆಯ ಆಧಾರ ಕೊಡಲು ಪಶ್ಚಿಮದವರು ಯತ್ನಿಸಿದರು. ೧೯೦೫ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೊನ್ ಎಂಬವರು ಬುದ್ಧಿಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. ಅನಂತರದವರು ಅದನ್ನೇ ಬೆಳೆಸಿ, ಬುದ್ಧಿಯ ಅಳತೆಗೂ ಪರೀಕ್ಷೆಯ ಅಂಕಕ್ಕೂ ಇರುವ ಅಂತರದಿಂದ 'ಅಂಡರ್‌ಅಚೀವರ್'ನನ್ನು ಲೆಕ್ಕಹಾಕಿದರು. ಆದರೆ ಮಗುವಿನ ಬುದ್ಧಿ ಒಮ್ಮೆ ಅಳೆದು ಮುಗಿಸುವಂಥ ಗಟ್ಟಿ ವಸ್ತುವೆಂಬ ಭಾವನೆಯನ್ನು ಸ್ವತಃ ಬಿನೆಯವರೇ ಖಂಡಿಸಿದ್ದರೆಂಬುದನ್ನು ನೆನಪಿಡುವುದು ಒಳ್ಳೆಯದು.

ಇನ್ನುಳಿದ ಪದಗಳು. 'ಮಂದ' ಎಂದರೆ ಮೆಲ್ಲನೆಯದು. ಪಂಚಾಂಗದಲ್ಲಿ ಶನಿಗೆ ಮಂದನೆಂಬ ಹೆಸರುಂಟು. ರಾಶಿಚಕ್ರವನ್ನು ಸುತ್ತಿಬರಲು ಅವನಿಗೆ ಹೆಚ್ಚುಕಡಿಮೆ ಮೂವತ್ತು ವರ್ಷ ಬೇಕು; ಆದರೂ ಅವನು ಸುತ್ತಿ ಬಂದೇ ಬರುತ್ತಾನೆ, ಗ್ರಹಮಂಡಲದಿಂದ ಅವನನ್ನು ಯಾರೂ ತೆಗೆದುಹಾಕಿಲ್ಲ. ಈಚೆಗೆ 'ನಿಧಾನವಾಗಿ ಕಲಿಯುವ ಮಗು' ಎಂಬ ಪ್ರಯೋಗ ಬಂದಿದೆ; ಸೌಮ್ಯವಾದುದು. ಹಳೆಯ ಬಳಕೆಯಲ್ಲಿ 'ನಿಧಾನ'ಕ್ಕೆ ನೆಲದಲ್ಲಿ ಹೂತಿಟ್ಟ ನಿಧಿ ಎಂಬ ಅರ್ಥವೂ ಉಂಟು, ವಚನಗಳಲ್ಲಿ ಅದು ಆ ಅರ್ಥದಲ್ಲಿಯೇ ಬಂದಿದೆ. ನಿಧಾನದ ಮಗುವನ್ನು ನಿಧಾನವೆಂದು, ಅಗೆದು ತೆಗೆಯಬೇಕಾದ ನಿಧಿಯೆಂದು ತಿಳಿಯುವ ಗುರುವಿಗೆ ಕನ್ನಡ ನುಡಿಯ ಬೆಂಬಲವಿದೆ.

'ಹಿಂದುಳಿದ' ಎಂಬ ಪದದ ವಿಚಾರ ಮಾತ್ರ ಇಷ್ಟು ಹಗುರವಲ್ಲ. ಹಿಂದೆ ಮತ್ತು ಉಳಿ ಎಂಬ ಎರಡು ಸರಳ ಪದಗಳು ಲೋಪಸಂಧಿಯಿಂದ ಕೂಡಿವೆ. ಆದರೆ ಈ ಪದ ಒಂದು ಮುಖ್ಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ: ತಾನಾಗಿ ಉಳಿದನೋ, ಬಿಟ್ಟು ಹೋದರೋ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಕ್ಕಳು ಹುಟ್ಟಿದಂದಿನಿಂದ ಈ ಪದವನ್ನು ತಮ್ಮ ನೆಲದ ವಿಶೇಷಣವಾಗಿ ಕೇಳುತ್ತ ಬೆಳೆಯುತ್ತಾರೆ. ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿಯನ್ನು ಒಪ್ಪಿಸಿತು. ರಾಜ್ಯದ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದೂ, ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವೆಂದೂ ಅದು ಗುರುತಿಸಿತು. ಕುಷ್ಟಗಿ, ಯಲಬುರ್ಗಾಗಳು ಈ ಕೊನೆಯ ವರ್ಗಕ್ಕೆ ಸೇರಿದವು. ವರದಿಯ ಉದ್ದೇಶ ನ್ಯಾಯವನ್ನು ಹಂಚುವುದು. ಆದರೆ ಶಾಲೆಯ ಕೋಣೆಯೊಳಗೆ ಆ ಪದ ಹೊಕ್ಕಾಗ ನೆಲದ ವಿಶೇಷಣ ಮಗುವಿನ ವಿಶೇಷಣವಾಗಿಬಿಡುತ್ತದೆ. ಈ ಕಡೆಯ ಹುಡುಗರು ಅಷ್ಟೇ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ.

ಈ ನೆಲದ ಪೂರ್ವವನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣವನ್ನು ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಕನ್ನಡನಾಡಿನ ಜನರು ಓದದೆಯೇ ಕಾವ್ಯದಲ್ಲಿ ನುರಿತ ಬುದ್ಧಿಯುಳ್ಳವರೆಂದು ಹೇಳಿದ ಗ್ರಂಥವೂ ಅದೇ. ಒಂದು ಕಾಲಕ್ಕೆ ಒಳ್ಳೆಯ ಕನ್ನಡಕ್ಕೆ ಒರೆಗಲ್ಲಾಗಿದ್ದ ಸೀಮೆ ಮುಂದೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸೇರಿತು. ಕೊಪ್ಪಳ ಸಾಲಾರ್ ಜಂಗರ ಜಹಗೀರಾಯಿತು. ಆಡಳಿತದ ಭಾಷೆ ಉರ್ದು, ಮೇಲಿನ ಶಿಕ್ಷಣದ ಮಾಧ್ಯಮ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಉರ್ದು ಸುಂದರವಾದ ಭಾಷೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಕೇಳದ ನುಡಿಯಲ್ಲಿ ಗಣಿತವನ್ನೂ ಚರಿತ್ರೆಯನ್ನೂ ಕಲಿಯಬೇಕಾದ ಒಕ್ಕಲು ಮಗ ಬಾಯಿ ತೆರೆಯದೆ ಕುಳಿತರೆ, ಅದು ದಡ್ಡತನವೇ? ಮೈಗಳ್ಳತನವೇ? ಎರಡೂ ಅಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿ, ೧೯೫೬ರ ನವೆಂಬರ್ ೧ರಂದು ಈ ಭಾಗ ಕನ್ನಡ ರಾಜ್ಯದಲ್ಲಿ ಒಂದಾದ ಮೇಲೆ ಅದೇ ಮನೆತನಗಳ ಮಕ್ಕಳು ಕನ್ನಡದಲ್ಲಿ ಓದಿ ಅಧ್ಯಾಪಕರೂ ವೈದ್ಯರೂ ಅಧಿಕಾರಿಗಳೂ ಆದರು. ಬುದ್ಧಿ ಹೊಸದಾಗಿ ಹುಟ್ಟಲಿಲ್ಲ; ಅಡ್ಡವಿದ್ದ ಗೋಡೆ ಬಿದ್ದಿತು.

ನೆಲವೇ ಇದಕ್ಕೆ ಇನ್ನೊಂದು ಸಾಕ್ಷಿ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. ಎಡದಂಡೆಯ ಕಾಲುವೆ ಗಂಗಾವತಿಯ ಹೊಲಗಳಿಗೆ ನೀರು ತಂದಿತು. ಮಳೆಯನ್ನು ನೆಚ್ಚಿದ್ದ ಹೊಲಗಳು ಭತ್ತದ ಗದ್ದೆಗಳಾದವು, ಗಂಗಾವತಿಗೆ ಭತ್ತದ ಕಣಜವೆಂಬ ಹೆಸರು ಬಂದಿತು. ನೀರು ಬರುವ ಮುಂಚೆ ಆ ನೆಲವನ್ನು ಮೈಗಳ್ಳ ನೆಲವೆಂದು ಯಾವ ರೈತನೂ ಬೈಯಲಿಲ್ಲ. ಕಾಲುವೆ ಮುಟ್ಟದ ಕುಷ್ಟಗಿ, ಯಲಬುರ್ಗಾದ ಎರೆಹೊಲ, ಮಸಾರಿ ಹೊಲಗಳನ್ನೂ ಅವನು ಬೈಯುವುದಿಲ್ಲ. ಮಳೆಗಾಗಿ ಮುಗಿಲನ್ನು ನೋಡುತ್ತಾನೆ. ನೆಲದ ವಿಷಯದಲ್ಲಿ ಇರುವ ಈ ವಿವೇಕ ಮಕ್ಕಳ ವಿಷಯದಲ್ಲಿ ಏಕಿಲ್ಲ?

ಮುಗಿಲು ಮುನಿದ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಸಂಸಾರಗಳು ಗುಳೆ ಹೊರಡುತ್ತವೆ. ಬೆಂಗಳೂರು, ಮಂಗಳೂರು, ಗೋವೆಗಳಲ್ಲಿ ಕಟ್ಟಡದ ಕೆಲಸ, ಮಕ್ಕಳು ಜೊತೆಯಲ್ಲಿಯೇ. ಮರಳಿ ಬಂದ ಹುಡುಗನಿಗೆ ಮೂರು ತಿಂಗಳ ಪಾಠ ತಪ್ಪಿರುತ್ತದೆ, ಹಾಜರಿ ಪುಸ್ತಕದಲ್ಲಿ ಅವನ ಸಾಲು ಬರಿದಾಗಿರುತ್ತದೆ. ಅವನು ಮೈಯನ್ನು ಕದ್ದವನಲ್ಲ, ಅವನನ್ನೇ ಬರ ಕದ್ದೊಯ್ದಿತ್ತು. ತಾಯಿ ಕೂಲಿಗೆ ಹೋದಾಗ ಎಳೆಯ ತಮ್ಮನನ್ನು ನೋಡಿಕೊಂಡು, ನೀರು ಹೊತ್ತು, ರೊಟ್ಟಿ ತಟ್ಟಿ ಶಾಲೆಗೆ ಬಂದ ಹುಡುಗಿ ಮಧ್ಯಾಹ್ನದ ಪಾಠದಲ್ಲಿ ತೂಕಡಿಸುತ್ತಾಳೆ. ಅವಳು ಮೈಗಳ್ಳಿಯಲ್ಲ, ಆ ಕೋಣೆಯಲ್ಲಿ ಅಂದು ಎಲ್ಲರಿಗಿಂತ ಹೆಚ್ಚು ಮೈ ದುಡಿಸಿದವಳು ಅವಳೇ ಇದ್ದಾಳು. ಕಪ್ಪುಹಲಗೆ ಕಾಣದ ಕಣ್ಣು, ಕೇಳಿಸದ ಕಿವಿ, ಉಣ್ಣದ ಹೊಟ್ಟೆ ಇವೆಲ್ಲ ಪ್ರಗತಿಪತ್ರದಲ್ಲಿ ಒಂದೇ ಅಂಕವಾಗಿ ಕಾಣಿಸಿಕೊಳ್ಳುತ್ತವೆ. ಅಂಕ ಕಳವನ್ನು ತೋರಿಸುತ್ತದೆ, ಕಳ್ಳನನ್ನು ತೋರಿಸುವುದಿಲ್ಲ.

ಹೀಗೆಂದರೆ ಮೈಗಳ್ಳರೇ ಇಲ್ಲವೆಂದಾಯಿತೇ, ಎಲ್ಲರಿಗೂ ನೆಪವೊಂದನ್ನು ಒದಗಿಸಿದಂತಾಗಲಿಲ್ಲವೇ ಎಂಬ ಆಕ್ಷೇಪ ಬರಬಹುದು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಎದುರಿಗಿಡಬಹುದು. ಆಕ್ಷೇಪದಲ್ಲಿ ಹುರುಳಿದೆ. ಮೈಗಳ್ಳರು ಇದ್ದಾರೆ, ಹೊಟ್ಟೆತುಂಬ ಉಂಡು, ಪುಸ್ತಕ ಪೆನ್ನುಗಳ ಕೊರತೆಯಿಲ್ಲದೆ, ಬಲ್ಲುದನ್ನೂ ಬರೆಯದೆ ಬರುವ ಹುಡುಗರನ್ನು ಪ್ರತಿ ಶಾಲೆಯೂ ಕಂಡಿದೆ. ಅವರನ್ನು ಎಚ್ಚರಿಸದ ಗುರು ತನ್ನ ಧರ್ಮಕ್ಕೆ ತಪ್ಪಿದವನೇ. ಆದರೆ ನೆಲ ನಿಜವಾಗಿ ಡೊಂಕಿರುವ ಅಂಗಳಗಳೂ ಉಂಟಲ್ಲ! ಗಾದೆಯನ್ನು ಹೇಳುವ ಮುನ್ನ ಅಂಗಳವನ್ನು ಒಮ್ಮೆ ನೋಡಬೇಕು.

ಈ ವಿಷಯದಲ್ಲಿ ರೈತನೇ ಗುರು. ಎತ್ತು ಎಳೆಯದಿದ್ದರೆ ಅವನು ಮೊದಲು ಬಾರುಕೋಲನ್ನು ಎತ್ತುವುದಿಲ್ಲ. ನೊಗವಿಳಿಸಿ ಹೆಗಲನ್ನು ಮುಟ್ಟಿ ನೋಡುತ್ತಾನೆ, ಹುಣ್ಣಾಗಿದೆಯೇ ಎಂದು. ಕಾಲೆತ್ತಿಸಿ ಗೊರಸನ್ನು ನೋಡುತ್ತಾನೆ, ಲಾಳ ಸಡಿಲವಾಗಿದೆಯೇ ಎಂದು. ಮೇವು ಸರಿಯಾಗಿ ತಿಂದಿತೇ ಎಂದು ಮನೆಯಲ್ಲಿ ವಿಚಾರಿಸುತ್ತಾನೆ. ಎಲ್ಲವೂ ಸರಿಯಿದ್ದ ಮೇಲೆ, ಆಮೇಲೆ ಮಾತ್ರ, ಅದು ಮೈಗಳ್ಳ ಎತ್ತು. ಎತ್ತಿಗೆ ಸಲ್ಲುವ ಈ ಪರೀಕ್ಷೆ ಮಗುವಿಗೆ ಸಲ್ಲಬೇಡವೇ? ಪ್ರಗತಿಪತ್ರದ ಷರಾ ಅಂಕಣದಲ್ಲಿ ಒಂದು ಬೈಗುಳವನ್ನು ಬರೆಯುವ ಬದಲು ಒಂದು ಕಾರಣವನ್ನು ಬರೆಯುವ ರೂಢಿ ಬರಲಿ. ಕಾರಣ ತಿಳಿಯಲು ಮನೆಯ ಬಾಗಿಲಿಗೆ ಹೋಗಬೇಕಾದೀತು. ಹೋಗದೆ ಕುಳಿತು ಬರೆದ ಷರಾ ಯಾರ ಮೈಗಳ್ಳತನದ ಗುರುತು ಎಂಬುದನ್ನು ವಿವರಿಸಬೇಕಾಗಿಲ್ಲ.

ಪದಕ್ಕೆ ವ್ಯಕ್ತಿಗಳು ಮಾತ್ರವಲ್ಲ, ಸಂಸ್ಥೆಗಳೂ ವಿಷಯವಾಗುತ್ತವೆ. ಬೀಗ ತೆಗೆಯದ ಗ್ರಂಥಭಂಡಾರ, ಧೂಳು ಹಿಡಿದ ಪ್ರಯೋಗಶಾಲೆ, ಬಲ್ಲುದರಲ್ಲಿ ಅರ್ಧವನ್ನು ಮಾತ್ರ ಕಲಿಸುವ ಅಧ್ಯಾಪಕ, ಕಲಿತ ಶಾಲೆಯತ್ತ ತಿರುಗಿ ನೋಡದ ವಿದ್ಯಾವಂತ, ಇವೆಲ್ಲ ಇದ್ದ ಶಕ್ತಿಯನ್ನು ಬಚ್ಚಿಟ್ಟ ನಿದರ್ಶನಗಳೇ. ೨೦೧೯ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದುದು ಸಂತೋಷ. ಕಲ್ಯಾಣವೆಂಬ ಹೆಸರು ಕಾಯಕದ ನೆನಪನ್ನು ಹೊತ್ತು ತರುತ್ತದೆ. ಆದರೆ ನಾಮಪದ ಬದಲಾದರೆ ಸಾಲದು, ಕ್ರಿಯಾಪದವೂ ಬದಲಾಗಬೇಕು.

ಕೊಪ್ಪಳದ ಬಂಡೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಬಿಸಿಲು ಮಳೆಗಳನ್ನು ಸಹಿಸಿಕೊಂಡು ನಿಂತಿದೆ. ಕೊರತೆಯ ಮಾತನ್ನು ತನಗೆ, ಭರವಸೆಯ ಮಾತನ್ನು ಚಿಕ್ಕವರಿಗೆ ಮೀಸಲಿಟ್ಟ ಆ ಪಾಠವನ್ನು ಓದಲು ಬ್ರಾಹ್ಮಿಲಿಪಿಯ ಜ್ಞಾನ ಬೇಕಾಗಿಲ್ಲ. ಶಾಲೆಗಳಲ್ಲಿ 'ಮೈಗಳ್ಳ' ಎಂಬ ಪದ ಉಳಿಯಲಿ, ಕನ್ನಡದ ಒಳ್ಳೆಯ ಪದಗಳಲ್ಲಿ ಅದೊಂದು. ಆದರೆ ಅದು ಗುರುಹಿರಿಯರು ರಾತ್ರಿ ಮಲಗುವ ಮುನ್ನ ತಮ್ಮನ್ನು ತಾವು ಕೇಳಿಕೊಳ್ಳುವ ಪ್ರಶ್ನೆಯಾಗಿ ಉಳಿಯಲಿ. ಮಕ್ಕಳ ಪಾಲಿಗೆ 'ನಿಧಾನ' ಎಂಬ ಪದ ಸಾಕು, ಅದರ ಎರಡೂ ಅರ್ಥಗಳಲ್ಲಿ.